‘ಪಾಪ, ಅವನಿಗೆ ಇದೆಲ್ಲ ಯಾಕೆ ಬಿಡಿ’ ಅನ್ನುವವರಿಗೆ ಏನು ಹೇಳುತ್ತೀರಿ?

ಪುತ್ತೂರಿನ ಅಕ್ಕ

ನನ್ನ ತಮ್ಮನಿಗೆ 34 ವರ್ಷ. ಡೌನ್ ಸಿಂಡ್ರೋಮ್ ಇದೆ. ಡೈರಿಗೆ ಹಾಲು ಕೊಟ್ಟು ಬರುವುದು, ಬಿದ್ದ ಅಡಿಕೆ ಹೆಕ್ಕುವುದು, ಅಮ್ಮನ ಮಾತ್ರೆಗಳನ್ನು ಡಬ್ಬಿಗೆ ತುಂಬುವುದು ಎಲ್ಲ ಅವನದೇ ಕೆಲಸ. ಒಂದು ಮಾತ್ರೆ ತಪ್ಪಿದರೆ ಅಮ್ಮನಿಗೆ ಬೈಗುಳ.

ಪತ್ತನಾಜೆಗೆ (ವರ್ಷದ ನೇಮಗಳೆಲ್ಲ ಮುಗಿಯುವ ದಿನ) ಮೊದಲು ನಮ್ಮ ಕುಟುಂಬದ ಮನೆಯಲ್ಲಿ ನೇಮ, ಅಂದರೆ ದೈವದ ಕೋಲ, ಇದೆ. ಮೊನ್ನೆ ಎಲ್ಲರೂ ಸೇರಿ ಕೆಲಸ ಹಂಚಿಕೊಂಡರು. ತೂಟೆ (ಉರಿಯುವ ಪಂಜು) ಹಿಡಿಯಲು ಇಬ್ಬರು, ಬಡಿಸಲು ಎಂಟು ಜನ, ಗಾಡಿ ನಿಲ್ಲಿಸುವ ಕಡೆ ಮೂವರು. ಹತ್ತನೇ ಕ್ಲಾಸಿನ ಹುಡುಗರ ಹೆಸರೂ ಬಂತು, ತಮ್ಮನದು ಬರಲಿಲ್ಲ. ಕೇಳಿದ್ದಕ್ಕೆ ದೊಡ್ಡಮಾವ ತುಂಬ ಪ್ರೀತಿಯಿಂದಲೇ ಹೇಳಿದರು, ‘ಪಾಪ, ಅವನಿಗೆ ಇದೆಲ್ಲ ಯಾಕೆ, ಬಿಡು. ಆರಾಮವಾಗಿ ಕುರ್ಚಿಯಲ್ಲಿ ಕೂತು ನೋಡಲಿ.’

ಬೈದಿದ್ದರೆ ಜಗಳ ಆಡಬಹುದಿತ್ತು. ಪ್ರೀತಿಯ ಜೊತೆ ಹೇಗೆ ಜಗಳ ಆಡುವುದು?

ಇದಕ್ಕೊಂದು ಹಳೆಯ ಕಥೆಯೂ ಇದೆ. ಅವನಿಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ತೋರಿಸಿದ ಕಡೆ ‘ಮನೆಯಲ್ಲಿ ಒಂದೇ ಭಾಷೆ ಆಡಿ, ಎರಡಾದರೆ ಮಗುವಿಗೆ ಗೊಂದಲ’ ಅಂದರು. ಶಾಲೆ ಕನ್ನಡದ್ದು, ಹಾಗಾಗಿ ಅಪ್ಪ ಕನ್ನಡ ಅಂತ ತೀರ್ಮಾನ ಮಾಡಿದರು. ಅಂದಿನಿಂದ ನಮ್ಮ ನಮ್ಮಲ್ಲಿ ತುಳು, ಅವನ ಕಡೆ ತಿರುಗಿದರೆ ಕನ್ನಡ. ಅಜ್ಜಿಯ ನಾಲಿಗೆಗೆ ಕನ್ನಡ ಹತ್ತುತ್ತಿರಲಿಲ್ಲ. ‘ಒಣಸ್ ಆಂಡಾ?’ (ಊಟ ಆಯ್ತಾ?) ಅಂತ ದಾರಿಹೋಕರನ್ನೂ ಕೇಳುವ ಅಜ್ಜಿ ಇವನಿಗೆ ಮಾತ್ರ ಸುಮ್ಮನೆ ತಲೆ ಸವರಿ ಬಾಳೆಹಣ್ಣು ಕೊಡುತ್ತಿದ್ದರು. ಅವನಿಗೆ ತುಳು ಪೂರ್ತಿ ಅರ್ಥವಾಗುತ್ತದೆ ಅಂತ ನಮಗೆ ಗೊತ್ತಾಗಿದ್ದು ಬಹಳ ತಡವಾಗಿ. ಅವನ ಮುಂದೆಯೇ ಅವನ ಬಗ್ಗೆ ತುಳುವಿನಲ್ಲಿ ಏನೋ ಅಂದೆವು, ಅವನು ತಟ್ಟೆ ಬಿಟ್ಟು ಎದ್ದು ಹೋದ.

ನೇಮದಲ್ಲಿ ದೈವ ನುಡಿ ಕೊಡುವುದು ತುಳುವಿನಲ್ಲೇ ಅಲ್ವಾ? ನಮ್ಮಲ್ಲಿ ಒಬ್ಬೊಬ್ಬರನ್ನೂ ಕರೆದು ಮಾತಾಡಿ ಗಂಧಪ್ರಸಾದ ಕೊಡುತ್ತದೆ. ಇವನ ಸರದಿ ಬಂದಾಗ ಗಂಧ ಇವನ ಕೈಗೆ, ಮಾತು ಪಕ್ಕದಲ್ಲಿ ನಿಂತ ಮಾವನಿಗೆ. ನಿಮ್ಮ ಮನೆಗಳಲ್ಲಿ ಹೇಗೆ?

ಧಾರವಾಡದ ಟೀಚರಮ್ಮ

ಒಂದೇ ಭಾಷೆಯ ಆ ಸಲಹೆ ಎಷ್ಟು ಅಜ್ಜಿಯರ ಬಾಯಿ ಕಟ್ಟಿದೆಯೋ! ವಿಶೇಷ ಶಿಕ್ಷಣದಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಶುರುವಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ನಾಚಿಕೆಯಾಗುತ್ತದೆ.

2005ರಲ್ಲಿ ಕೆನಡಾದ ಒಂದು ಅಧ್ಯಯನ ಬಂತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಎರಡು ಭಾಷೆ ಕೇಳಿ ಬೆಳೆದವರನ್ನೂ ಇಂಗ್ಲಿಷ್ ಒಂದೇ ಕೇಳಿ ಬೆಳೆದವರನ್ನೂ ಹೋಲಿಸಿ ನೋಡಿದರು. ಎರಡು ಭಾಷೆಯ ಮಕ್ಕಳ ಇಂಗ್ಲಿಷ್ ಏನೂ ಹಿಂದೆ ಬಿದ್ದಿರಲಿಲ್ಲ. ಇನ್ನೊಂದು ಭಾಷೆ ಬೇರೆ ಕೈಯಲ್ಲಿತ್ತು. ಮಾತು ತಡವಾಗುವುದು ಡೌನ್ ಸಿಂಡ್ರೋಮಿನಿಂದ, ತುಳುವಿನಿಂದ ಅಲ್ಲ.

ಇನ್ನು ‘ಬುದ್ಧಿ’ ಅಳೆಯುವ ವಿಷಯ. ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು ನಮ್ಮ ಧಾರವಾಡದಲ್ಲೇ. ಇವತ್ತಿಗೂ ಬಿನೆ-ಕಾಮತ್ ಅಂತ ಬಳಸುತ್ತಾರೆ. ದಿನದ ಬದುಕಿನ ಕೌಶಲ ನೋಡಲು ಇನ್ನೊಂದು ಇದೆ, ವೈನ್‌ಲ್ಯಾಂಡ್ ಮಾಪನ. ಅಮೆರಿಕದ ಎಡ್ಗರ್ ಡಾಲ್ 1935ರಲ್ಲಿ ಮಾಡಿದ್ದು. ಆ ಮೂಲ ಪಟ್ಟಿಯಲ್ಲಿ ಮಗು ಫೋರ್ಕಿನಲ್ಲಿ ತಿನ್ನುತ್ತದಾ, ಊಟದ ಚಾಕುವಿನಲ್ಲಿ ಬೆಣ್ಣೆ ಸವರುತ್ತದಾ ಅನ್ನುವಂಥವೆಲ್ಲ ಇದ್ದವು! ನಾಗಪುರದ ಮಾಲಿನ್ ಅವರು ಮುಂದೆ ಅದನ್ನು ಭಾರತಕ್ಕೆ ಹೊಂದಿಸಿದರು, ನಿಜ. ಆದರೂ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದೇ ಇದೆ. ನನ್ನ ಹತ್ತಿರ ಒಬ್ಬ ಹುಡುಗಿ ಬರುತ್ತಿದ್ದಳು. ಹತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಆದರೆ ಮನೆಗೆ ಯಾರೇ ಬರಲಿ, ಚರಿಗೆಯಲ್ಲಿ ನೀರು ಕೊಟ್ಟು, ಕಾಕಾ, ಮಾಮಾ, ಮಾವಶಿ, ವೈನಿ ಅಂತ ಒಂದು ಸಂಬಂಧವೂ ತಪ್ಪದಂತೆ ಕರೆಯುತ್ತಿದ್ದಳು. ನನಗೇ ನನ್ನ ಗಂಡನ ಕಡೆಯವರನ್ನು ಹಾಗೆ ಕರೆಯಲು ಬರುವುದಿಲ್ಲ. ಅದಕ್ಕೆ ಯಾರು ಅಂಕ ಕೊಡುತ್ತಾರೆ?

ಜಯನಗರ ನಾಲ್ಕನೇ ಬ್ಲಾಕ್

ಸ್ವಲ್ಪ ವಿರುದ್ಧವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗನಿಗೆ ಡಿಸ್ಲೆಕ್ಸಿಯಾ. ಬುದ್ಧಿ ಚುರುಕು, ಓದು ಬರಹ ಮಾತ್ರ ಕಷ್ಟ. ಎಸ್‌ಎಸ್‌ಎಲ್‌ಸಿಯಲ್ಲಿ ಭಾಷೆಯ ವಿನಾಯಿತಿ ತೆಗೆದುಕೊಂಡೆವು, ಕನ್ನಡ ಬಿಟ್ಟೆವು. ವಿನಾಯಿತಿ ಸಿಗದಿದ್ದರೆ ಅವನು ಪಾಸಾಗುತ್ತಿರಲಿಲ್ಲ. ಅಷ್ಟೇ ವಿಷಯ. ‘ಕನ್ನಡದವರಾಗಿ ಕನ್ನಡ ಬಿಡಿಸಿದ್ರಾ’ ಅಂತ ಮದುವೆ ಮನೆಯಲ್ಲಿ ನನ್ನನ್ನು ಹಿಡಿದು ಕೇಳಿದವರಿದ್ದಾರೆ. ಅವರ ಮಕ್ಕಳಿಗೆ ನನ್ನ ಮಗನಷ್ಟು ಕನ್ನಡ ಮಾತಾಡಲು ಬರುವುದಿಲ್ಲ, ಅದು ಬೇರೆ ಮಾತು.

ವಿನಾಯಿತಿ ಎಲ್ಲ ಕೆಟ್ಟದ್ದು ಅನ್ನುವ ಹಾಗೆ ಈ ಚರ್ಚೆ ಹೋಗುತ್ತಿದೆ. ನಮ್ಮಂಥವರಿಗೆ ಅದು ಉಸಿರು.

ಧಾರವಾಡದ ಟೀಚರಮ್ಮ

ಒಪ್ಪಿದೆ. ಕನ್ನಡ ಲಿಪಿ ಸುಲಭ, ಬರೆದ ಹಾಗೆ ಓದಿದರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಸೊನಾಲಿ ನಾಗ್ ಅವರು ಕರ್ನಾಟಕದ ಶಾಲೆಗಳಲ್ಲಿ ಮಾಡಿದ ಕೆಲಸ ನೋಡಿ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಅವು ಕೈ ಹತ್ತಲು ನಾಲ್ಕೈದನೇ ತರಗತಿಯವರೆಗೆ ಹೋಗುತ್ತದೆ. ನಿಮ್ಮ ಮಗ ಸೋಮಾರಿ ಅಲ್ಲ.

ಒಂದೇ ಕೇಳುತ್ತೇನೆ. ಪರೀಕ್ಷೆ ಬಿಟ್ಟ ಮೇಲೆ ಮನೆಯಲ್ಲೂ ಕನ್ನಡ ಪುಸ್ತಕ ಬಿಟ್ಟಿರಾ?

ಜಯನಗರ ನಾಲ್ಕನೇ ಬ್ಲಾಕ್

ಬಿಟ್ಟೆವು. ಹೌದು. ಬಸ್ಸಿನ ಬೋರ್ಡ್ ನನ್ನನ್ನೇ ಕೇಳುತ್ತಾನೆ. ಅವನ ತಾತ ಕಥೆ ಓದಿ ಹೇಳುತ್ತಿದ್ದರು, ಅದೂ ನಿಂತುಹೋಯಿತು. ಯಾಕೆ ನಿಂತಿತು ಅಂತ ಈಗ ಯೋಚಿಸುತ್ತಿದ್ದೇನೆ. ಕೇಳಲು ಡಿಸ್ಲೆಕ್ಸಿಯಾ ಏನೂ ಅಡ್ಡ ಬರುವುದಿಲ್ಲವಲ್ಲ.

ಕಲಬುರಗಿ ಅಮ್ಮೀ

ನನ್ನ ಮಗನಿಗೆ 19. ಬುದ್ಧಿ ಬೆಳವಣಿಗೆ ನಿಧಾನ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಎರಡೂ ಆಡುತ್ತಾನೆ. ನಮಗೆ ಒಂದೇ ಭಾಷೆ ಆಡಿ ಅಂತ ಹೇಳಲು ಯಾವ ಡಾಕ್ಟರೂ ಸಿಗಲಿಲ್ಲ, ಅದೇ ನಮ್ಮ ಪುಣ್ಯ 😊

ನಮ್ಮ ಸಮಸ್ಯೆ ರೋಜಾ, ಅಂದರೆ ರಂಜಾನ್ ಉಪವಾಸ. ಬುದ್ಧಿ ಪೂರ್ತಿ ಬೆಳೆಯದವರ ಮೇಲೆ ರೋಜಾ, ನಮಾಜು ಫರ್ಜ್ (ಕಡ್ಡಾಯ) ಅಲ್ಲ. ಧರ್ಮದಲ್ಲೇ ಅದಕ್ಕೆ ರಿಯಾಯಿತಿ ಇದೆ. ನಾನೂ ಅದನ್ನು ಗೌರವಿಸುತ್ತೇನೆ. ಆದರೆ ಸಹರಿಗೆ (ಬೆಳಗಿನ ಜಾವದ ಊಟಕ್ಕೆ) ಎಲ್ಲರೂ ಏಳುವಾಗ ಇವನೂ ಎದ್ದು ಕೂರುತ್ತಾನೆ. ‘ನಿನಗೆ ಮಾಫ್ ಇದೆ ಬೇಟಾ, ಮಲಗು’ ಅಂದರೆ ಅವನ ಮುಖ ನೋಡಬೇಕು. ಮಾಫ್ ಅಂದರೆ ತಾನೇನೋ ತಪ್ಪು ಮಾಡಿದ್ದೇನೆ ಅಂತ ಅವನ ಲೆಕ್ಕ. ಕೊನೆಗೆ ಅವನ ಅಬ್ಬಾ ಒಂದು ದಾರಿ ಮಾಡಿದರು. ಮಧ್ಯಾಹ್ನದ ಅಜಾನ್‌ವರೆಗೆ ಅವನ ರೋಜಾ. ಸಂಜೆ ಇಫ್ತಾರಿಗೆ ಎಲ್ಲರ ಜೊತೆ ಖರ್ಜೂರ. ಓಣಿಯ ಹುಡುಗರು ‘ಅರ್ಧ ರೋಜಾ’ ಅಂತ ಕರೆಯುತ್ತಾರೆ, ಅವನಿಗೆ ಆ ಹೆಸರು ಇಷ್ಟ.

ಇನ್ನೊಂದು. ಬಂದೇನವಾಜ್ ದರ್ಗಾಕ್ಕೆ ಹೋದಾಗ ಕೆಲವರು ಇವನ ಕೈ ಹಿಡಿದು ‘ನಮಗಾಗಿ ದುವಾ ಮಾಡಪ್ಪ, ನೀನು ದೇವರ ಮಗು’ ಅನ್ನುತ್ತಾರೆ. ಅದೇ ಜನರ ಅಂಗಡಿಯಲ್ಲಿ ಕೆಲಸ ಕೇಳಿದರೆ ಇಲ್ಲ. ದುವಾ ಮಾಡಲು ಬರುತ್ತದಂತೆ, ಸಾಮಾನು ಕಟ್ಟಿ ಕೊಡಲು ಬರುವುದಿಲ್ಲವಂತೆ.

ಬರ್ಮಿಂಗ್‌ಹ್ಯಾಮ್ ರಾಯರು

ಮೂಲ ಮೈಸೂರು. ಮಗಳಿಗೆ 26. ಮೊದಲು ಒಂದು ಶಬ್ದದ ತೊಡಕು. ಇಲ್ಲಿ ‘ಲರ್ನಿಂಗ್ ಡಿಸೆಬಿಲಿಟಿ’ ಅಂದರೆ ನೀವು ಅಲ್ಲಿ ಬೌದ್ಧಿಕ ಅಂಗವೈಕಲ್ಯ ಅನ್ನುವುದು. ಭಾರತದಲ್ಲಿ ಅದೇ ಮಾತಿಗೆ ಡಿಸ್ಲೆಕ್ಸಿಯಾ ಅಂತ ಅರ್ಥ. ಊರಿಗೆ ಬಂದಾಗ ಇದರಿಂದ ಆದ ಗಲಿಬಿಲಿ ಅಷ್ಟಿಷ್ಟಲ್ಲ. ಇಲ್ಲಿ ಸ್ವತಃ ಆ ಜನರಲ್ಲೇ ಹಲವರಿಗೆ ‘ಲರ್ನಿಂಗ್ ಡಿಫಿಕಲ್ಟಿ’ ಅನ್ನುವ ಮಾತು ಇಷ್ಟ. ‘ನಮಗೆ ಕಲಿಯುವುದು ಕಷ್ಟ, ಕಲಿಯಲು ಆಗುವುದಿಲ್ಲ ಅಂತಲ್ಲ’ ಅನ್ನುವುದು ಅವರ ವಾದ. 1974ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಇಂಥವರೇ ಸೇರಿ ಸಮಾವೇಶ ಮಾಡಿ, ನಮ್ಮನ್ನು ಮೊದಲು ಮನುಷ್ಯರು ಅಂತ ನೋಡಿ ಅಂದರು. ‘ಪೀಪಲ್ ಫಸ್ಟ್’ ಅನ್ನುವ ಹೆಸರು ಅಲ್ಲಿಂದ ಬಂತು. ಆಮೇಲೆ ಇಂಗ್ಲೆಂಡಿನಲ್ಲೂ ಸಂಘಗಳು ಹುಟ್ಟಿದವು.

ಈಗ ನನ್ನ ಕಥೆ. ಮಗಳು ಹಗಲು ಹೋಗುವ ಒಂದು ಕೇಂದ್ರವಿತ್ತು. ಫಾರ್ಮಿನಲ್ಲಿ ‘ಇಂಡಿಯನ್’ ಅಂತ ಟಿಕ್ ಹಾಕಿಸಿಕೊಂಡರು. ಮನೆಯಲ್ಲಿ ಯಾವ ಭಾಷೆ, ಏನು ಊಟ, ಯಾರೂ ಕೇಳಲಿಲ್ಲ. ಒಂದು ದಿನ ಮೀನು ಬಡಿಸಿದರು. ನಾವು ಹುಟ್ಟಾ ಸಸ್ಯಾಹಾರಿಗಳು. ಕೇಳಿದರೆ ‘ಅವಳು ಬೇಡ ಅನ್ನಲಿಲ್ಲವಲ್ಲ’ ಅಂತ ಉತ್ತರ. ನನ್ನ ಹೆಂಡತಿ ಎರಡು ದಿನ ಅತ್ತಳು.

ದೀಪಾವಳಿ ಬಂದರೆ ಅದೇ ಜನ ಇವಳಿಗೆ ಸೀರೆ ಉಡಿಸಿ ಹಿಂದಿ ಸಿನಿಮಾ ಹಾಡಿಗೆ ಕುಣಿಸಲು ತಯಾರು. ನಮ್ಮ ಮನೆಯಲ್ಲಿ ಹಿಂದಿ ಯಾರಿಗೆ ಬರುತ್ತದೆ! ಹೋಗಲಿ, ಅವಳಿಗೆ ನಿಜವಾಗಿ ಇಷ್ಟ ಏನು ಗೊತ್ತಾ? ಕ್ರಿಸ್‌ಮಸ್ ಕ್ಯಾರಲ್. ಪಕ್ಕದ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಾಳೆ. ಮನೆಗೆ ಬಂದು ದೇವರ ಮುಂದೆ ಕೂತು ಅದನ್ನೇ ಹಾಡುತ್ತಾಳೆ. ನನ್ನ ತಾಯಿ ಇದ್ದಿದ್ದರೆ ಏನನ್ನುತ್ತಿದ್ದರೋ. ಹಾಗಾಗಿ ನನ್ನದೊಂದು ತಕರಾರು. ‘ನಮ್ಮ ಸಂಸ್ಕೃತಿ ನಮ್ಮ ಮಕ್ಕಳಿಗೆ ಸಿಗಬೇಕು’ ಅನ್ನುವುದು ಸರಿ. ಆದರೆ ಅದು ಅಪ್ಪ ಅಮ್ಮನದ್ದೇ ಆಗಿರಬೇಕಾ? ಬೇರೆಯವರ ಮಕ್ಕಳು ಹದಿನೆಂಟಕ್ಕೆ ತಮ್ಮ ದಾರಿ ಹಿಡಿಯುತ್ತಾರೆ. ನಮ್ಮ ಮಕ್ಕಳು ಮಾತ್ರ ಕೊನೆಯವರೆಗೆ ನಮ್ಮ ಮನೆಯ ದೇವರ ಪಟದ ಕೆಳಗೇ ಇರಬೇಕು ಅಂತ ನಾವು ಬಯಸುತ್ತೇವೆ.

ಮೀನಿನ ಮಾತಿಗೆ ಮತ್ತೆ ಬರುತ್ತೇನೆ. ಅವಳಿಗೆ ಮೀನು ಇಷ್ಟವಾಗಿತ್ತಾ ಅಂತ ನಾವೂ ಅವಳನ್ನು ಕೇಳಲಿಲ್ಲ.

ಹಳೇ ಮೈಸೂರು ಮಾವ

ಕ್ಷಮಿಸಿ, ಸುಮ್ನೆ ದೊಡ್ಡದು ಮಾಡುತ್ತಿದ್ದೀರಿ ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಥವರನ್ನು ಯಾರೂ ಹೊರಗೆ ಇಟ್ಟಿರಲಿಲ್ಲ. ಊರಿಗೊಬ್ಬ ಇರುತ್ತಿದ್ದ. ತೇರು ಎಳೆಯುವಾಗ ಅವನೇ ಮುಂದೆ. ಎಲ್ಲರ ಮನೆಯಲ್ಲೂ ಊಟ. ಪೇಟೆಗೆ ಬಂದ ಮೇಲೆ ಈ ಲೇಬಲ್, ಸರ್ಟಿಫಿಕೇಟು, ಥೆರಪಿ ಎಲ್ಲ ಬಂದಿದ್ದು.

ಕಲಬುರಗಿ ಅಮ್ಮೀ

ಮಾವ, ಆ ಊರಿಗೊಬ್ಬನ ಹೆಸರೇನಿತ್ತು?

ಹಳೇ ಮೈಸೂರು ಮಾವ

ಎಲ್ಲರೂ ‘ಪೆದ್ದ’ ಅಂತಲೇ ಕರೆಯುತ್ತಿದ್ದೆವು. ನಿಜವಾದ ಹೆಸರು... ಇಲ್ಲ, ನೆನಪಿಲ್ಲ. ಸರಿ, ಅರ್ಥವಾಯಿತು. ಆದರೂ ಅವನು ತೇರಿನ ಮುಂದೆ ಇದ್ದದ್ದು ಸುಳ್ಳಲ್ಲ.

ನಿರ್ವಾಹಕರು

ಶಬ್ದಗಳ ವಿಷಯ ಬಂದಿದ್ದಕ್ಕೆ ಒಂದು ಟಿಪ್ಪಣಿ. 1995ರ ಕಾನೂನು ಏಳು ಬಗೆಯ ವೈಕಲ್ಯ ಮಾತ್ರ ಗುರುತಿಸಿತ್ತು, ಅದರಲ್ಲಿದ್ದ ‘ಮೆಂಟಲ್ ರಿಟಾರ್ಡೇಶನ್’ ಕನ್ನಡಕ್ಕೆ ಬರುವಾಗ ಬುದ್ಧಿಮಾಂದ್ಯ ಆಯಿತು. 2016ರ ಕಾನೂನಿನಲ್ಲಿ ಪಟ್ಟಿ 21ಕ್ಕೆ ಏರಿತು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ ಬೇರೆ ಬೇರೆ ಆದವು. ಬೇಕೆಂದೇ ನಾಲ್ಕು ಜನರ ಎದುರು ಇವರನ್ನು ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಅಂತ ಅದರ 92ನೇ ಸೆಕ್ಷನ್ನು ಹೇಳುತ್ತದೆ. ಇಲ್ಲಿ ‘ಪೆದ್ದ’ ಅಂತ ಬಂದಿದ್ದನ್ನು ಅಳಿಸುತ್ತಿಲ್ಲ, ಮಾತಿನ ಸಂದರ್ಭ ಬೇರೆ. ಮುಂದೆ ಜೋಪಾನ.

ಅಪ್ಪು ಫ್ಯಾನ್ ತುಮಕೂರು

ನಮಸ್ಕಾರ. ನನಗೆ 27. ಕಲಿಯೋದು ನಿಧಾನ. ಅಕ್ಕನ ಮಗಳು ಟೈಪ್ ಮಾಡುತ್ತಿದ್ದಾಳೆ. ಅವಳು ನಿಮ್ಮದೆಲ್ಲ ಓದಿ ಹೇಳಿದಳು. ತುಂಬಾ ಉದ್ದ ಬರೆಯುತ್ತೀರಿ.

ನಾನು ಕ್ಯಾಂಟೀನಲ್ಲಿ ಕೆಲಸ ಮಾಡುತ್ತೇನೆ. ನಾನು ಅಪ್ಪು ಫ್ಯಾನ್. ಕಂಠೀರವ ಸ್ಟುಡಿಯೋಗೆ ಎರಡು ಸಲ ಹೋಗಿದ್ದೇನೆ. ಆರ್‌ಸಿಬಿ ಫ್ಯಾನ್ ಕೂಡ. 2025ರಲ್ಲಿ ಕಪ್ ಬಂದಾಗ ಅತ್ತುಬಿಟ್ಟೆ.

ಹೋಟೆಲಿಗೆ ಹೋದರೆ ಅಮ್ಮನನ್ನು ಕೇಳುತ್ತಾರೆ, ಇವರಿಗೆ ಏನು ಕೊಡಲಿ ಅಂತ. ನಾನು ಅಲ್ಲೇ ಇರುತ್ತೇನೆ. ನನಗೆ ಮಸಾಲೆ ದೋಸೆ.

ಪುತ್ತೂರಿನ ಅಕ್ಕ, ನಿಮ್ಮ ತಮ್ಮನಿಗೆ ಬೆಂಕಿ ಹಿಡಿಯೋದು ಇಷ್ಟಾನಾ? ನನಗಂತೂ ಬೆಂಕಿ ಭಯ. ನೀವು ಕೇಳಿದಿರಾ?

ಧಾರವಾಡದ ಟೀಚರಮ್ಮ

ಇಷ್ಟು ಹೊತ್ತು ನಾವು ಇಷ್ಟೊಂದು ಜನ ಮಾತಾಡಿದೆವು, ಈ ಪ್ರಶ್ನೆ ಒಬ್ಬರಿಗೂ ಹೊಳೆಯಲಿಲ್ಲ.

ಪುತ್ತೂರಿನ ಅಕ್ಕ

ಕೇಳಿಲ್ಲ. ಹೇಳಲು ನಾಚಿಕೆ, ಆದರೆ ಕೇಳಿಲ್ಲ. ತೂಟೆ ಹಿಡಿಯುವುದು ದೊಡ್ಡ ಗೌರವ, ಅವನಿಗೂ ಸಿಗಲಿ ಅಂತ ನಾನೇ ಅಂದುಕೊಂಡಿದ್ದೆ. ಕೇಳಿ ಬರುತ್ತೇನೆ.

ನಿವೃತ್ತ ವಕೀಲ, ಉಡುಪಿ

ಹಬ್ಬದ ಮಾತು ನಡೆಯುತ್ತಿರಲಿ, ನಾನು ಸ್ವಲ್ಪ ಒಣ ವಿಷಯ ತೆಗೆಯುತ್ತೇನೆ. ಕುಟುಂಬದ ಮನೆಯಲ್ಲಿ ಯಾರಿಗೆ ಕೆಲಸ ಇಲ್ಲವೋ ಅವರಿಗೆ ಪಾಲೂ ಇಲ್ಲದಂತಾಗುತ್ತದೆ. ಇದು ನಾನು ಕೋರ್ಟಿನಲ್ಲಿ ಕಂಡದ್ದು.

ಮನುಸ್ಮೃತಿಯ ಒಂಬತ್ತನೇ ಅಧ್ಯಾಯದಲ್ಲಿ ಪಾಲು ಸಿಗದವರ ಪಟ್ಟಿಯೇ ಇದೆ. ಹುಟ್ಟು ಕುರುಡ, ಕಿವುಡ, ಮೂಗ, ಅವರ ಜೊತೆ ‘ಜಡ’ ಕೂಡ. ಅವರಿಗೆ ಅನ್ನ ಬಟ್ಟೆ ಕೊಡಿ, ಪಾಲು ಬೇಡ ಅಂತ ಲೆಕ್ಕ. 1928ರ ಕಾನೂನು ಇದನ್ನು ಬಹುಮಟ್ಟಿಗೆ ತೆಗೆದರೂ ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನು ಹೊರಗೇ ಉಳಿಸಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ 28ನೇ ಸೆಕ್ಷನ್ನು ಬಂದ ಮೇಲೆ ಯಾವ ಕಾಯಿಲೆ, ಊನದ ನೆಪದಲ್ಲೂ ಪಾಲು ತಪ್ಪಿಸುವಂತಿಲ್ಲ. ನಿಮ್ಮದು ಅಳಿಯಕಟ್ಟಿನ (ತಾಯಿಯ ಕಡೆಯಿಂದ ಪಾಲು ಬರುವ) ಮನೆ ಅಂತ ಕಾಣುತ್ತದೆ, ಮಾವಂದಿರ ಮಾತು ಬಂತಲ್ಲ. ಅಮ್ಮನ ಕಡೆಯಿಂದ ಅವನೂ ಆ ಮನೆಯವನೇ. ಪಾಲುಪಟ್ಟಿಯಲ್ಲಿ ಅವನ ಹೆಸರು ಇದೆಯಾ ನೋಡಿ.

ಇನ್ನೊಂದು, ಹದಿನೆಂಟು ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಗಾರ್ಡಿಯನ್ ಆಗಿ ಮುಂದುವರಿಯುವುದಿಲ್ಲ. ಬೇಕಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಡಿ ಜಿಲ್ಲಾ ಸಮಿತಿಗೆ ಅರ್ಜಿ ಹಾಕಬೇಕು, ಜಿಲ್ಲಾಧಿಕಾರಿ ಅದರಲ್ಲಿ ಇರುತ್ತಾರೆ. ಆದರೆ ಎಲ್ಲರಿಗೂ ಬೇಕೇ ಬೇಕು ಅಂತೇನಿಲ್ಲ. ಜನ ಸುಮ್ಮನೆ ಹೆದರಿ ಮಾಡಿಸುತ್ತಾರೆ. ಓಟಿನ ವಿಷಯವೂ ಹಾಗೆಯೇ. ಕೋರ್ಟು ಬುದ್ಧಿ ಸ್ಥಿಮಿತ ಇಲ್ಲ ಅಂತ ಘೋಷಿಸದ ಹೊರತು ಓಟು ಹಾಕಬಹುದು. ತಮ್ಮ ಹಾಕುತ್ತಾನಾ?

ಪುತ್ತೂರಿನ ಅಕ್ಕ

ಹಾಕುತ್ತಾನೆ. ಯಾರಿಗೆ ಅಂತ ಕೇಳಿದರೆ ‘ಹೇಳಬಾರದು’ ಅನ್ನುತ್ತಾನೆ. ಮನೆಯಲ್ಲಿ ಆ ನಿಯಮ ಪಾಲಿಸುವವನು ಅವನೊಬ್ಬನೇ.

ಪಾಲುಪಟ್ಟಿ ಅಮ್ಮನ ಹತ್ತಿರ ಕೇಳುತ್ತೇನೆ.

ಮುಂಜಿ ಚಿಂತೆಯ ತಂದೆ

ತಡವಾಗಿ ಬಂದೆ. ಮಗನಿಗೆ 11, ಆಟಿಸಂ, ಮಾತು ಬಹಳ ಕಡಿಮೆ. ಅವನ ಚಿಕ್ಕಪ್ಪನ ಮಗನಿಗೆ ಮುಂಜಿ ನಿಶ್ಚಯವಾಗಿದೆ, ಇವನಿಗೂ ಜೊತೆಯಲ್ಲೇ ಮಾಡೋಣ ಅಂತ ನಾನು. ‘ಮಂತ್ರ ಹೇಳಲು ಬಾರದವನಿಗೆ ಯಾಕೆ’ ಅಂತ ಮನೆಯಲ್ಲೇ ಮಾತು ಬಂದಿದೆ. ಪುರೋಹಿತರು ಮಾತ್ರ ‘ನೀವು ಕಿವಿಯಲ್ಲಿ ಹೇಳಿ, ಅವನು ಕೇಳಿಸಿಕೊಂಡರೆ ಸಾಕು’ ಅಂದರು. ಈಗ ನನ್ನ ಚಿಂತೆ ಬೇರೆ. ಹೊಗೆ, ವಾಲಗ, ಇನ್ನೂರು ಜನ. ಅವನಿಗೆ ಸದ್ದು ಆಗುವುದಿಲ್ಲ.

ಕಲಬುರಗಿ ಅಮ್ಮೀ

ಇನ್ನೂರು ಜನ ಯಾಕೆ ಬೇಕು ಅಣ್ಣಾ? ನಮ್ಮ ಮನೆಯ ಬಿಸ್ಮಿಲ್ಲಾ ಶಾಸ್ತ್ರದಲ್ಲಿ (ಮಗುವಿಗೆ ಓದು ಶುರು ಮಾಡಿಸುವುದು) ನಾವು ಏಳು ಜನ ಇದ್ದೆವು, ತಹರಿ ಕೂಡ ಮಿಕ್ಕಿತು.

ಮುಂಜಿ ಚಿಂತೆಯ ತಂದೆ

ಅಷ್ಟು ಸುಲಭವಿದ್ದರೆ! ವಾಲಗವಿಲ್ಲದ ಮುಂಜಿ ಅಂದರೆ ನನ್ನ ಅಣ್ಣ ಮಾತು ಬಿಡುತ್ತಾನೆ. ನೋಡೋಣ, ವಾಲಗದವರನ್ನು ಗೇಟಿನ ಹತ್ತಿರ ಕೂರಿಸುವ ಆಲೋಚನೆ ಇದೆ.

ಪುತ್ತೂರಿನ ಅಕ್ಕ

ನೇಮ ಮುಗಿಯಿತು. ಐದು ವಾರ ಬಿಟ್ಟು ಬರೆಯುತ್ತಿದ್ದೇನೆ.

ಕೇಳಿದೆ. ತೂಟೆ ಬೇಡವೇ ಬೇಡ ಅಂದ. ಚಿಕ್ಕವನಿದ್ದಾಗ ಗರ್ನಾಲಿನ (ಸಿಡಿಮದ್ದಿನ) ಸದ್ದಿಗೆ ಹೆದರಿ ದನದ ಹಟ್ಟಿಯಲ್ಲಿ ಅಡಗಿದ್ದನಂತೆ, ನನಗೆ ಅದು ಮರೆತೇಹೋಗಿತ್ತು. ಅವನಿಗೆ ಬೇಕಾದದ್ದು ಬಡಿಸುವುದು. ಅದೂ ಪಾಯಸ. ಬೇರೆ ಏನೂ ಬೇಡ, ಪಾಯಸ.

ಮಾವನಿಗೆ ಹೇಳಿದಾಗ ಮೊದಲು ಚೆಲ್ಲುತ್ತಾನೆ ಅಂದರು. ಅಮ್ಮ ‘ನೀವು ಚೆಲ್ಲಲಿಲ್ಲವಾ ಆ ವರ್ಷ ಸಾಂಬಾರು’ ಅಂತ ಒಂದೇ ಮಾತು ಹೇಳಿದರು. ಮೂರು ಪಂಕ್ತಿ ಬಡಿಸಿದ. ಚೆಲ್ಲಲಿಲ್ಲ. ತನಗೆ ಬೇಕಾದವರಿಗೆ ಎರಡು ಸೌಟು, ಬೇಡದವರಿಗೆ ಅರ್ಧ. ಮಾವನಿಗೆ ಅರ್ಧ ಬಿತ್ತು. ನಾಲ್ಕನೇ ಪಂಕ್ತಿಗೆ ಪಾಯಸ ಸಾಲಲಿಲ್ಲ, ಅದಕ್ಕೆ ನನಗೆ ಬೈಗುಳ ಸಿಕ್ಕಿತು.

ದೈವದ ನುಡಿಯ ಹೊತ್ತಿಗೆ ಅವನು ಚಾವಡಿಯಲ್ಲಿ ನಿದ್ದೆ ಹೋಗಿದ್ದ. ರಾತ್ರಿ ಎರಡೂವರೆ. ಎಬ್ಬಿಸಬೇಕಾ ಅಂತ ಎಲ್ಲರೂ ನನ್ನ ಮುಖ ನೋಡಿದರು. ಎಬ್ಬಿಸಲಿಲ್ಲ. ಸರಿ ಮಾಡಿದೆನಾ ಅಂತ ಈಗಲೂ ತಲೆಯಲ್ಲಿ ಕೊರೆಯುತ್ತಿದೆ. ಬೆಳಗ್ಗೆ ಗಂಧ ಕೊಟ್ಟಾಗ ‘ನನ್ನನ್ನು ಯಾಕೆ ಕರೆಯಲಿಲ್ಲ’ ಅಂತ ಕೇಳಿದ.

ಮನೆಯಲ್ಲಿ ಈಗ ಎಲ್ಲರೂ ಅವನ ಜೊತೆ ತುಳು ಶುರು ಮಾಡಿದ್ದೇವೆ. ನಿನ್ನೆ ಮಾವ ಬಂದವರು ‘ಒಣಸ್ ಆಂಡಾ?’ ಅಂದರು. ಅವನು ಟಿವಿಯಿಂದ ಕಣ್ಣು ತೆಗೆಯದೆ ಕನ್ನಡದಲ್ಲಿ ಹೇಳಿದ, ‘ಆವಾಗಲೇ ಆಯ್ತು.’

ನಿವೃತ್ತ ವಕೀಲ, ಉಡುಪಿ

ಸಂತೋಷ. ಪಾಲುಪಟ್ಟಿ?

ಪುತ್ತೂರಿನ ಅಕ್ಕ

ಹೆಸರು ಇಲ್ಲ. ಸೋಮವಾರ ನಿಮಗೆ ಖಾಸಗಿಯಾಗಿ ಬರೆಯುತ್ತೇನೆ. ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ.